ಹಳೆಯ ಬೈಕಿನ ಸೀಟು ಮತ್ತು ದೂರದ ಸವಾರಿ

ಮಾನ್ಯ ಸಂಪಾದಕರೇ,

ಮೂಲೆಯಲ್ಲಿ ನಿಂತಿದ್ದ ಹಳೆಯ ಬೈಕುಗಳನ್ನು ದುರಸ್ತಿ ಮಾಡಿಸಿ ಮತ್ತೆ ರಸ್ತೆಗಿಳಿಸುವ ಉತ್ಸಾಹ ನಮ್ಮ ರಾಜ್ಯದಲ್ಲಿ, ಅದರಲ್ಲೂ ಮೈಸೂರಿನಲ್ಲಿ, ಎದ್ದು ಕಾಣುತ್ತಿರುವುದು ಸಂತೋಷದ ಸಂಗತಿ. 1961ರಲ್ಲಿ ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ತೀರ ಕಡೆಯವಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸಾಗಿದೆ. ಅವುಗಳ ಎಂಜಿನ್, ಕಾರ್ಬುರೇಟರ್, ಬಣ್ಣ, ಕ್ರೋಮ್‌ಗಳಿಗೆ ಹಿಂದೆಮುಂದೆ ನೋಡದೆ ಹಣ ಹಾಕುವ ನಾವು, ಸೀಟಿನ ಸರದಿ ಬಂದಾಗ ಮಾತ್ರ ಹೊಳೆಯುವ ಹೊಸ ರೆಕ್ಸಿನ್ ಹೊದಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಅಂಥ ಬೈಕ್ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೊರಟಾಗ, ಎಂಜಿನ್ ಹದವಾಗಿ ಓಡುತ್ತಿದ್ದರೂ ಸವಾರ ಅರ್ಧ ದಾರಿಯಲ್ಲೇ ಇಳಿದು ಸೊಂಟ ಹಿಡಿದುಕೊಳ್ಳಬೇಕಾಗುತ್ತದೆ. ಈ ವಿಷಯದಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿಯೇ ತಪ್ಪೆಂದು ನನಗೆ ಅನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸೀಟು ನೋಯಿಸುತ್ತದೆ ಎಂದೊಡನೆ ನಾವು ಮಾಡುವುದು ಅದರ ಮೇಲೆ ಇನ್ನೊಂದು ಪದರ ಮೆತ್ತನೆಯ ಸ್ಪಂಜು ಹಾಕಿಸುವುದು. ಅಂಗಡಿಯ ಮುಂದೆ ಕುಳಿತು ನೋಡಿದಾಗ ಅದು ಹಿತವಾಗಿಯೇ ಇರುತ್ತದೆ. ತೊಂದರೆ ತಲೆದೋರುವುದು ಒಂದು ಗಂಟೆಯ ಸವಾರಿಯ ಬಳಿಕ. ಕುಳಿತಾಗ ದೇಹದ ಮೇಲ್ಭಾಗದ ಭಾರವನ್ನು ಹೊರಬೇಕಾದವು ಪೃಷ್ಠದ ಕೆಳಗಿರುವ ಎರಡು ಮೂಳೆಗಳು. ಮೆತ್ತನೆಯ ಸ್ಪಂಜು ಆ ಮೂಳೆಗಳ ಕೆಳಗೆ ಪೂರ್ತಿ ಅದುಮಿಹೋಗಿ, ಅವು ಹೆಚ್ಚುಕಡಿಮೆ ಸೀಟಿನ ತಳದ ತಗಡಿನ ಮೇಲೆಯೇ ಊರುತ್ತವೆ. ಅದೇ ಹೊತ್ತಿಗೆ ನಡುವಿನ ಸ್ಪಂಜು ಮೇಲೆದ್ದು, ಭಾರ ಹೊರಲು ಆಗದ ತೊಡೆಸಂದಿನ ಮೆದು ಭಾಗವನ್ನೂ ಬೆನ್ನುಮೂಳೆಯ ತುದಿಯನ್ನೂ ಒತ್ತುತ್ತದೆ. ಅಲ್ಲಿನ ನರ ಮತ್ತು ರಕ್ತನಾಳಗಳು ಒತ್ತಿದಾಗ ಜೋಮು ಹಿಡಿಯುತ್ತದೆ. ದೂರದ ಸವಾರಿಗೆ ಒದಗುವ ಸೀಟು ಮುಟ್ಟಿದಾಗ ಸ್ವಲ್ಪ ಗಟ್ಟಿಯೆಂದೇ ಅನ್ನಿಸಬೇಕು. ಎರಡೂ ಮೂಳೆಗಳು ಅದರ ಮೇಲೆ ಪೂರ್ತಿ ಕೂರುವಷ್ಟು ಅದು ಅಗಲವಾಗಿರಬೇಕು.

ಹಳೆಯ ಸೀಟಿನ ರಚನೆಯನ್ನು ಗಮನಿಸಿದರೆ ಅದನ್ನು ಮಾಡಿದವರಿಗೆ ಈ ವಿಚಾರ ತಿಳಿದಿತ್ತೆಂದು ಗೊತ್ತಾಗುತ್ತದೆ. ಯೆಜ್ಡಿ, ಬುಲೆಟ್, ಆರ್‌ಎಕ್ಸ್ 100ರಂಥ ಬೈಕುಗಳ ಸೀಟು ಉದ್ದಕ್ಕೂ ಬಹುಮಟ್ಟಿಗೆ ಸಮತಟ್ಟಾದ ಒಂದೇ ಹಲಗೆಯಂತಿರುತ್ತದೆ. ಒಬ್ಬರೇ ಹೋಗುವಾಗ ಸವಾರ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿದು ಕೂರಬಹುದು. ಹೀಗೆ ಸರಿಯುವ ಅವಕಾಶವೇ ದೂರದ ಪ್ರಯಾಣದಲ್ಲಿ ದೊಡ್ಡ ಪರಿಹಾರ, ಏಕೆಂದರೆ ಒಂದೇ ಜಾಗದ ಮೇಲೆ ಬಹಳ ಹೊತ್ತು ಭಾರ ನಿಲ್ಲುವುದರಿಂದಲೇ ನೋವು ಹುಟ್ಟುತ್ತದೆ. ಹೊಸ ಬೈಕುಗಳಂತೆ ಕಾಣಲೆಂದು ಹಳೆಯ ಸೀಟನ್ನು ನಡುವೆ ತೋಡಿಸಿ, ಹಿಂದೆ ಮೆಟ್ಟಿಲು ಮಾಡಿಸುವವರು ತಮ್ಮ ಬೈಕಿನಲ್ಲಿದ್ದ ಒಳ್ಳೆಯ ಗುಣವನ್ನೇ ಕಿತ್ತುಹಾಕುತ್ತಿದ್ದಾರೆ. ಹಾಗೆ ಮಾಡಬೇಡಿರೆಂದು ಅವರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೆಲಸ ಆರಂಭವಾಗಬೇಕಾದುದು ಕೆಳಗಿನಿಂದ. ಹಳೆಯ ಕವರ್ ಬಿಚ್ಚಿದರೆ ಸಿಗುವುದು ಉಕ್ಕಿನ ತಗಡಿನ ತಳ. ದಶಕಗಳ ಮಳೆಯ ನೀರು ಹೊಲಿಗೆಯ ತೂತುಗಳಿಂದ ಇಳಿದು, ಸ್ಪಂಜಿನಲ್ಲಿ ನಿಂತು, ಈ ತಗಡನ್ನು ತಿಂದಿರುತ್ತದೆ. ತುಕ್ಕನ್ನು ಉಜ್ಜಿ ತೆಗೆಸಿ, ತೂತು ಬಿದ್ದಲ್ಲಿ ತೇಪೆ ಬೆಸುಗೆ ಹಾಕಿಸಿ, ಪ್ರೈಮರ್ ಮತ್ತು ಬಣ್ಣ ಬಳಿಸಿದ ಮೇಲೆಯೇ ಮುಂದಿನ ಮಾತು. ಹಿಂಜ್ ಮತ್ತು ಲಾಕ್ ಕೂರುವ ಜಾಗಗಳಲ್ಲಿ ಬಿರುಕಿದೆಯೇ ಎಂದು ವಿಶೇಷವಾಗಿ ನೋಡಬೇಕು, ಏಕೆಂದರೆ ಅಲ್ಲಿ ಸಡಿಲಾದ ಸೀಟು ತಿರುವಿನಲ್ಲಿ ಅಲುಗಾಡಿ ಸವಾರನ ಹಿಡಿತವನ್ನೇ ತಪ್ಪಿಸಬಹುದು. ತಗಡಿನ ಅಡಿಯಲ್ಲಿ, ಫ್ರೇಮಿಗೆ ತಾಗುವಲ್ಲಿ, ಸಣ್ಣ ರಬ್ಬರ್ ಬುಷ್‌ಗಳಿರಬೇಕು. ಹಳೆಯ ಗಾಡಿಗಳಲ್ಲಿ ಅವು ಕಲ್ಲಿನಂತೆ ಗಟ್ಟಿಯಾಗಿರುತ್ತವೆ, ಇಲ್ಲವೇ ಬಿದ್ದುಹೋಗಿರುತ್ತವೆ. ಆಗ ಎಂಜಿನ್ನಿನ ನಡುಕ ಲೋಹದಿಂದ ಲೋಹಕ್ಕೆ ಹತ್ತಿ ನೇರವಾಗಿ ಮೈಗೆ ಬರುತ್ತದೆ. ತೀರ ಅಗ್ಗದ ಈ ನಾಲ್ಕಾರು ರಬ್ಬರ್ ತುಂಡುಗಳನ್ನು ಬದಲಿಸಿದ್ದರಿಂದಲೇ ಎಷ್ಟೋ ಸೀಟುಗಳು ಅರ್ಧ ಸರಿಹೋಗುವುದನ್ನು ಕಂಡಿದ್ದೇನೆ.

ಬೈಕಿನಿಂದ ಮೈಗೆ ಬರುವ ಅಲುಗಾಟ ಎರಡು ಬಗೆಯದು ಎಂಬುದನ್ನು ಇಲ್ಲಿ ಹೇಳಬೇಕು. ಗುಂಡಿ, ಹಂಪ್‌ಗಳಿಂದ ಬರುವುದು ನಿಧಾನದ, ದೊಡ್ಡ ಕುಲುಕು. ಎಂಜಿನ್ನಿನಿಂದ ಬರುವುದು ಸಣ್ಣ, ವೇಗದ ನಡುಕ. ನೆಟ್ಟಗೆ ಕುಳಿತ ದೇಹವು ಹೆಚ್ಚು ದಣಿಯುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗೆ ಆಡಿಸುವ ಮೊದಲ ಬಗೆಯ ಕುಲುಕಿಗೆ. ಅದನ್ನು ತಡೆಯಬೇಕಾದುದು ಹಿಂದಿನ ಶಾಕ್ ಅಬ್ಸಾರ್ಬರ್. ಅದರ ಎಣ್ಣೆ ಸೋರಿ ಹೋಗಿದ್ದರೆ ಎಂಥ ಸೀಟೂ ಬೆನ್ನನ್ನು ಕಾಪಾಡಲಾರದು. ಅತಿ ಮೆತ್ತನೆಯ ಸೀಟು ಕುಲುಕನ್ನು ಇನ್ನಷ್ಟು ಎತ್ತಿ ಕುಣಿಸುವುದೂ ಉಂಟು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕಾದ ನಮ್ಮಂಥವರು ಸೀಟಿಗೆ ಕೈ ಹಾಕುವ ಮೊದಲು ಶಾಕ್ ಅಬ್ಸಾರ್ಬರನ್ನೂ ಟೈರಿನ ಗಾಳಿಯನ್ನೂ ನೋಡಿಸಿಕೊಳ್ಳುವುದು ಒಳಿತು.

ಇನ್ನು ಫೋಮ್. ಕುಶನ್ ಕೆಲಸದವರು 32 ಡೆನ್ಸಿಟಿ, 40 ಡೆನ್ಸಿಟಿ ಎನ್ನುವುದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಅದು ಫೋಮ್ ಎಷ್ಟು ಕಾಲ ಬಾಳುತ್ತದೆ ಎಂಬುದರ ಸುಳಿವು ಕೊಡುತ್ತದೆಯೇ ಹೊರತು ಎಷ್ಟು ಗಟ್ಟಿ ಎಂಬುದನ್ನು ಪೂರ್ತಿ ಹೇಳುವುದಿಲ್ಲ; ಆದ್ದರಿಂದ ಹೆಬ್ಬೆರಳಿನಿಂದ ಒತ್ತಿ, ಎಷ್ಟು ಬೇಗ ಮರಳಿ ಏಳುತ್ತದೆ ಎಂಬುದನ್ನೂ ನೋಡಬೇಕು. ತಳಕ್ಕೆ ಸುಮಾರು ಒಂದು ಇಂಚಿನ ರೀಬಾಂಡೆಡ್ ಫೋಮ್ (ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ಗಟ್ಟಿ ಫೋಮ್), ಅದರ ಮೇಲೆ 40 ಡೆನ್ಸಿಟಿಯ ದಪ್ಪ ಪದರ, ಎಲ್ಲಕ್ಕಿಂತ ಮೇಲೆ ಅರ್ಧ ಇಂಚಿನಷ್ಟು ಮಾತ್ರ ಮೆತ್ತನೆಯದು ಎಂಬ ಜೋಡಣೆ ಮಧ್ಯಮ ತೂಕದ ಸವಾರರಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ತೂಕ ಹೆಚ್ಚಿದ್ದವರು ನಡುವಿನ ಪದರವನ್ನು ಇನ್ನೂ ಗಟ್ಟಿಯಾದದ್ದನ್ನೇ ಹಾಕಿಸಬೇಕು. ಪದರಗಳ ನಡುವೆ ಅಂಟನ್ನು ತೆಳುವಾಗಿ ಸವರಬೇಕು, ಏಕೆಂದರೆ ದಪ್ಪಗೆ ಬಳಿದ ಅಂಟು ಒಣಗಿ ಹಲಗೆಯಂತಾಗುತ್ತದೆ. ಜೆಲ್ ಹಾಕಿಸುವ ಆಸೆಯಿದ್ದವರು ಅದನ್ನು ಫೋಮಿನೊಳಗೆ ಹುದುಗಿಸಬೇಕೇ ಹೊರತು ಮೇಲೆಯೇ ಇಡಬಾರದು. ನಮ್ಮ ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನಲ್ಲಿ ಜೆಲ್ ಕಾದು ಬಹಳ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ.

ಆಕಾರದ ವಿಷಯದಲ್ಲಿ ನೋಡಬೇಕಾದುದು ಮುಖ್ಯವಾಗಿ ಸೀಟಿನ ಮುಂಭಾಗ. ಟ್ಯಾಂಕಿನ ಬಳಿಯ ಫೋಮ್ ಕುಸಿದಿದ್ದರೆ ಪ್ರತಿ ಬ್ರೇಕಿಗೂ ಸವಾರ ಮುಂದಕ್ಕೆ ಜಾರಿ ಟ್ಯಾಂಕಿಗೆ ಒತ್ತುತ್ತಾನೆ. ಮತ್ತೆ ಹಿಂದೆ ಸರಿದು ಕೂರುವುದರಲ್ಲೇ ತೋಳು, ಸೊಂಟ ಸೋಲುತ್ತವೆ. ಮುಂಭಾಗವನ್ನು ಸಮಕ್ಕೆ ತಂದು, ತೊಡೆಯ ಒಳಬದಿ ತಾಗುವ ಅಂಚುಗಳನ್ನು ದುಂಡಗೆ ಕತ್ತರಿಸಿದರೆ ಈ ಕಾಟ ಬಹಳಷ್ಟು ತಗ್ಗುತ್ತದೆ, ಎತ್ತರ ಕಡಿಮೆ ಇರುವವರ ಕಾಲೂ ನೆಲಕ್ಕೆ ಎಟುಕುತ್ತದೆ. ಹೊಳೆಯುವ ನುಣುಪು ರೆಕ್ಸಿನ್ ಬೇಡ. ತರಿತರಿಯಾದ, ಹೊಳಪಿಲ್ಲದ ರೆಕ್ಸಿನ್ ಜಾರದಂತೆ ಹಿಡಿಯುತ್ತದೆ. ಹೊಲಿಗೆ ಕೂರುವ ಜಾಗದಲ್ಲಿ ಹಾಯದೆ ಪಕ್ಕಕ್ಕೆ ಬರಬೇಕು, ಕವರಿನ ಅಡಿಯಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಇರಬೇಕು. ಬೆವರಿನ ತೊಂದರೆ ಇದ್ದವರಿಗೆ ಕಾರು ಚಾಲಕರು ಬಳಸುವಂಥ ಮಣಿ ಹಾಸು ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ಅಲುಗಾಡದಂತೆ ಬಿಗಿದು ಕಟ್ಟಬೇಕು.

ಹಿಂದೆ ಕೂರುವವರ ಮಾತು ಇಂಥ ಚರ್ಚೆಗಳಲ್ಲಿ ಬರುವುದೇ ಅಪರೂಪ ಎಂಬುದು ನನಗೆ ಬೇಸರದ ವಿಷಯ. ನಮ್ಮ ಮನೆಗಳ ಹೆಣ್ಣುಮಕ್ಕಳು ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಎಷ್ಟು ಮೈಲಿ ದೂರ ಈ ಬೈಕುಗಳ ಮೇಲೆ ಹೋಗಿ ಬಂದಿದ್ದಾರೆ! ಸಮತಟ್ಟಾದ ಅಗಲ ಸೀಟು ಅವರಿಗೆ ಒದಗಿಸಿದ ಆಧಾರವನ್ನು ಹಿಂಭಾಗ ಕಿರಿದಾದ ಮೆಟ್ಟಿಲು ಸೀಟು ಒದಗಿಸಲಾರದು. ಹಿಂಬದಿ ಸವಾರರು ಭದ್ರವಾಗಿ ಜೋಡಿಸಿದ ಸೀಟಿನ ಮೇಲೆಯೇ ಕೂರಬೇಕೆಂದು ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಹೇಳುತ್ತದೆ. ಹಿಡಿಕೆ, ಕಾಲಿಡುವ ಜಾಗ ಹಾಗೂ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ವಿಧಿಸುತ್ತದೆ. ಅಂದ ಹೆಚ್ಚಿಸಲು ಹಿಡಿಕೆ, ಸೀರೆ ಗಾರ್ಡ್ ಬಿಚ್ಚಿಸುವವರು ಇದನ್ನು ದಯವಿಟ್ಟು ಗಮನಿಸಬೇಕು. ಸೀಟು ಹೊಸದಾಗಿ ಮಾಡಿಸುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ ಹಿಂದೆ ಕೂರಿಸಿ ನೋಡಬೇಕೆಂಬುದು ನನ್ನ ಸಲಹೆ.

ಈ ಕೆಲಸಕ್ಕೆ ದುಬಾರಿ ಸೀಟುಗಳನ್ನು ದೂರದಿಂದ ತರಿಸಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಹಿಂದಿನ ಓಣಿಗಳವರೆಗೆ ಸೀಟ್ ಕವರ್ ಹೊಲಿಯುವ ನುರಿತ ಕೈಗಳು ನಮ್ಮಲ್ಲಿವೆ. ಅವರ ಕೆಲಸದಲ್ಲಿ ಕೊರತೆ ಕಂಡರೆ ಅದಕ್ಕೆ ಬಹುಪಾಲು ಕಾರಣ ಗಿರಾಕಿಯ ಅವಸರ. ಒಂದೇ ಗಂಟೆಯಲ್ಲಿ ಮುಗಿಸಿ ಕೊಡಿ ಎಂದರೆ ಇದ್ದ ಸ್ಪಂಜಿನ ಮೇಲೆ ಇನ್ನೊಂದು ತುಂಡು ಅಂಟಿಸುವುದಲ್ಲದೆ ಅವರಾದರೂ ಏನು ಮಾಡಿಯಾರು? ಎರಡು ದಿನ ಸಮಯ ಕೊಟ್ಟು, ಫೋಮ್ ಕತ್ತರಿಸಿದ ಮೇಲೆ ಕವರ್ ಹೊಲಿಯುವ ಮುನ್ನವೇ ಒಂದು ಬಟ್ಟೆ ಬಿಗಿದು ಅರ್ಧ ಗಂಟೆ ಓಡಿಸಿ ಬಂದು, ಎಲ್ಲಿ ಒತ್ತುತ್ತದೆ ಎಂದು ಬೆರಳಿಟ್ಟು ತೋರಿಸಿದರೆ ಅವರು ಅಲ್ಲಿಯೇ ಸವರಿ ಸರಿಮಾಡುತ್ತಾರೆ. ಮೂಲ ತಗಡನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಹಾಕಬಾರದು, ಏಕೆಂದರೆ ಆ ಫ್ರೇಮಿಗೆ ಸರಿಯಾಗಿ ಕೂರುವಂಥ ಇನ್ನೊಂದು ಸಿಗುವುದು ಕಷ್ಟ.

ಕುಶನ್ ಅಂಗಡಿಗಳವರಲ್ಲಿಯೂ ನನ್ನದೊಂದು ವಿನಂತಿಯಿದೆ. ಯಾವ ಡೆನ್ಸಿಟಿಯ ಫೋಮ್, ಎಷ್ಟು ಇಂಚು ದಪ್ಪ, ಯಾವ ಕ್ರಮದಲ್ಲಿ ಹಾಕಿದ್ದೀರಿ ಎಂಬುದನ್ನು ಬಿಲ್ಲಿನಲ್ಲಿ ಬರೆದು ಕೊಡಿ. ಸಾಧ್ಯವಾದರೆ ತಗಡಿನ ಒಳಬದಿಯಲ್ಲಿಯೂ ಬಣ್ಣದಲ್ಲಿ ಗುರುತು ಹಾಕಿ. ಕೆಲವು ವರ್ಷಗಳ ಬಳಿಕ ಅದೇ ಸೀಟನ್ನು ಬೇರೆ ಊರಿನಲ್ಲಿ ಬಿಚ್ಚುವ ಕೆಲಸಗಾರನಿಗೆ ಅದರಿಂದ ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಬೈಕಿನ ಸವಾರ, ಮೈಸೂರು