31ರ ಸಂಜೆ ಊಟಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ರ ಸಂಜೆ ಆರಕ್ಕೆ ನಮ್ಮ ಲೀಡ್ಸ್ ಮನೆಯಲ್ಲಿ ಸೌವಿನ್, ಅಂದರೆ ತೀರಿಹೋದವರನ್ನು ನೆನೆಯುವ ಹಬ್ಬ. ನಮ್ಮನೆಯವರು ಪೇಗನ್, ಅಂದರೆ ಯುರೋಪಿನ ಹಳೆಯ ಪ್ರಕೃತಿಪೂಜೆಯ ದಾರಿಯವರು, ಅಂತ ನಿಮಗೆ ಗೊತ್ತೇ ಇದೆ. ಹೋದವರಿಗೆ ಒಂದು ತಟ್ಟೆ ಬಡಿಸಿಟ್ಟು, ಮಾತಾಡದೆ ಊಟ ಮಾಡುತ್ತೇವೆ. ನಮ್ಮ ಮಹಾಲಯದ ಎಡೆ ಇದ್ದ ಹಾಗೆ, ಪುರೋಹಿತರಿಲ್ಲ ಅಷ್ಟೆ. ಈ ಸಲ ಅವರಜ್ಜಿಯ ಫೋಟೋ ಪಕ್ಕ ನಮ್ಮಪ್ಪನದೂ ಇರುತ್ತದೆ. ಅಪ್ಪನ ತಟ್ಟೆಗೆ ಚಿತ್ರಾನ್ನ, ಕಡಲೆಬೀಜ ಜಾಸ್ತಿ ಹಾಕಿ. ನಿಮ್ಮ ಹಿರಿಯರ ಫೋಟೋನೂ ತನ್ನಿ.

ಒಂದು ಮಾತು. ಮಕ್ಕಳ ಮುಂದೆ ಮಾಟಮಂತ್ರ ಅಂತ ತಮಾಷೆ ಬೇಡ, ಮಗಳು ಶಾಲೆಯಲ್ಲೇ ಸಾಕಷ್ಟು ಕೇಳಿದ್ದಾಳೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸುಮಾರು 74 ಸಾವಿರ ಜನ ಪೇಗನ್ ಅಂತಲೇ ಬರೆಸಿದ್ದಾರೆ. ನಾನು ಹಿಂದೂ ಅಂತ ಬರೆಸಿದೆ. ಅವಳದನ್ನು ದೊಡ್ಡವಳಾದ ಮೇಲೆ ಅವಳೇ ಬರೆಸಲಿ, ಅಲ್ವಾ?

ಮಾಂಸ ಇಲ್ಲ. ಎಷ್ಟು ಜನ ಬರುತ್ತೀರಿ ಅಂತ ಬುಧವಾರದೊಳಗೆ ತಿಳಿಸಿ.