ಡಯಾಲಿಸಿಸ್ ರೋಗಿಗೆ ಕಬ್ಬಿಣಾಂಶದ ಪರೀಕ್ಷೆಯೂ ಆಗಲಿ

ಮಾನ್ಯರೇ,

ನಮ್ಮ ಯಜಮಾನರಿಗೆ ಮೂರು ವರ್ಷಗಳಿಂದ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಡಯಾಲಿಸಿಸ್ ನಡೆಯುತ್ತಿದೆ. ಈ ಸೌಲಭ್ಯವಿಲ್ಲದಿದ್ದರೆ ಎಂದೋ ಹೊಲ ಮಾರಬೇಕಿತ್ತು. ಆ ಕೃತಜ್ಞತೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಅವರ ಹಿಮೋಗ್ಲೋಬಿನ್ 7.2ಕ್ಕೆ ಇಳಿಯಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಅಕ್ಕಿ ಆರಿಸಲು ಕುಳಿತರೆ ಮೊರದಿಂದ ಹಸಿ ಅಕ್ಕಿಯನ್ನು ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದು ಕಬ್ಬಿಣಾಂಶದ ಕೊರತೆಯ ಲಕ್ಷಣವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ನೆಂಟರು ಖರ್ಜೂರ, ಬೀಟ್‌ರೂಟ್, ನುಗ್ಗೆಸೊಪ್ಪು ಎಂದರು. ಡಯಾಲಿಸಿಸ್ ರೋಗಿಗೆ ಅವುಗಳ ಪೊಟ್ಯಾಸಿಯಂ ಅಪಾಯ ತರಬಲ್ಲದು; ಹೇಗೂ ನಾನು ಕೊಡಲಿಲ್ಲ.

ನಾಲ್ಕು ತಿಂಗಳು ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಚುಚ್ಚುಮದ್ದು ಹಾಕಿದರೂ ರಕ್ತ ಏರಲಿಲ್ಲ. ಕೊನೆಗೆ ಬೇರೆ ಊರಿನ ಮೂತ್ರಪಿಂಡ ತಜ್ಞರೊಬ್ಬರು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಬಳಕೆಗೆ ಸಿಗುವ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿದರು. ಫೆರಿಟಿನ್ 86, ಸ್ಯಾಚುರೇಷನ್ ಶೇ 14; ಡಯಾಲಿಸಿಸ್ ರೋಗಿಗೆ ಎರಡೂ ಕಡಿಮೆ. ರಕ್ತ ಉತ್ಪಾದಿಸೆಂದು ಮಜ್ಜೆಗೆ ಹೇಳುವ ಹಾರ್ಮೋನನ್ನು ಹೊರಗಿನಿಂದ ಕೊಡುತ್ತಿದ್ದೆವು, ಉತ್ಪಾದಿಸಲು ಕಬ್ಬಿಣವೇ ಇರಲಿಲ್ಲ. ಎಸರು ಕುದಿಯುತ್ತಿದೆ, ಅಕ್ಕಿ ಹಾಕಿಲ್ಲ ಎಂಬಂತೆ. ಪ್ರತಿ ಸಲವೂ ಫಿಲ್ಟರು, ಕೊಳವೆಗಳಲ್ಲಿ ಸ್ವಲ್ಪ ರಕ್ತ ಉಳಿದು ಕಬ್ಬಿಣ ನಷ್ಟವಾಗುತ್ತದೆ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರಲ್ಲ ಎಂದು ಕೇಳಿದೆ. ಈ ಕಾಯಿಲೆಯಲ್ಲಿ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲವಂತೆ; ಊಟದ ಜೊತೆಯ ಕ್ಯಾಲ್ಸಿಯಂ ಮಾತ್ರೆಯೂ ಅದಕ್ಕೆ ಅಡ್ಡಿಯಂತೆ.

ಜ್ವರ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡು, ಡಯಾಲಿಸಿಸ್ ನಡೆಯುವಾಗಲೇ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಔಷಧಿ ಐರನ್ ಸುಕ್ರೋಸ್ 100 ಮಿಲಿಗ್ರಾಂನಂತೆ ಹತ್ತು ಸಲ ಕೊಟ್ಟರು. ಸಲೈನ್ ಬಾಟಲಿಯಲ್ಲಿ ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 10.4 ಆಯಿತು. ಈಗ ಹಾಲಿನ ಡೈರಿಗೆ ಅವರೇ ಹೋಗಿ ಬರುತ್ತಾರೆ. ಹಸಿ ಅಕ್ಕಿಯ ಚಪಲವೂ ಹೋಯಿತು.

ಆ ಪರೀಕ್ಷೆಗೂ ಔಷಧಿಗೂ ನಾವು ಹೊರಗೆ ಹಣ ತೆರಬೇಕಾಯಿತು. ಆರೋಗ್ಯ ಇಲಾಖೆ ಪ್ರತಿ ಸರ್ಕಾರಿ ಕೇಂದ್ರದಲ್ಲೂ ಮೂರು ತಿಂಗಳಿಗೊಮ್ಮೆ ಈ ಎರಡು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ರೋಗಿಯ ಪುಸ್ತಕದಲ್ಲಿ ಬರೆಸಬೇಕು. ಕಬ್ಬಿಣದ ಚುಚ್ಚುಮದ್ದನ್ನು ಕೇಂದ್ರದಲ್ಲೇ ದಾಸ್ತಾನಿಡಬೇಕು. ಅತಿಯಾದರೂ ಅದು ಹಾನಿಕರ, ಆದ್ದರಿಂದ ಪರೀಕ್ಷೆಯಿಲ್ಲದೆ ಕೊಡುವುದೂ ಬೇಡ.

ನಮ್ಮ ಪಕ್ಕದ ಹಾಸಿಗೆಯ ತರುಣನಿಗೆ ತಾಯಿ ಮೂತ್ರಪಿಂಡ ಕೊಡಲು ಸಿದ್ಧರಿದ್ದಾರೆ. ಪದೇ ಪದೇ ರಕ್ತ ಹಾಕಿಸಿಕೊಂಡರೆ ದೇಹದಲ್ಲಿ ಪ್ರತಿಕಾಯಗಳು ಬೆಳೆದು ಕಸಿಗೆ ತೊಡಕಾಗಬಹುದು. ರಕ್ತ ಕಡಿಮೆಯೆಂದು ಅವನಿಗೆ ಈ ವರ್ಷ ಮೂರು ಬಾಟಲಿ ರಕ್ತ ಹಾಕಿದ್ದಾರೆ. ಫೆರಿಟಿನ್ ಪರೀಕ್ಷೆ ಒಮ್ಮೆಯೂ ಆಗಿಲ್ಲ.

— ಡಯಾಲಿಸಿಸ್ ರೋಗಿಯೊಬ್ಬರ ಪತ್ನಿ, ಹಾಸನ ಜಿಲ್ಲೆ