ಗಟಾರದಲ್ಲಿರುವ ಪೈಪನ್ನು ಮೊದಲು ಹೊರಗೆ ತೆಗೆಯಿರಿ

ಗೆ,
ವ್ಯವಸ್ಥಾಪಕರು,
ಕುಡಿಯುವ ನೀರು ಸರಬರಾಜು ಹಾಗೂ ಪೈಪ್‌ಲೈನ್ ನಿರ್ವಹಣೆಯ ಗುತ್ತಿಗೆ ಕಂಪನಿ,
ವಿಜಯಪುರ.

ವಿಷಯ: ನಳದಲ್ಲಿ ಗಟಾರದ ನೀರು ಬೆರೆತು ಬರುತ್ತಿರುವುದು ಮತ್ತು ಅಗೆದ ರಸ್ತೆಯನ್ನು ಹಾಗೇ ಬಿಟ್ಟಿರುವುದು.

ಮಾನ್ಯರೇ,

ನಮ್ಮ ಓಣಿಗೆ ನೀರು ಬಿಟ್ಟ ದಿನ ನಳದಲ್ಲಿ ಮೊದಲು ಬರುವುದು ಕಂದು ಬಣ್ಣದ, ಮೂಗು ಮುಚ್ಚಿಕೊಳ್ಳಬೇಕಾದ ನೀರು. ನಿಮ್ಮವರಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: ‘ಮೊದಲಿನ ನಾಲ್ಕು ಕೊಡ ಚೆಲ್ಲಿ ಬಿಡ್ರಿ, ಆಮೇಲೆ ತಿಳಿ ನೀರು ಬರ್ತದ.’ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬಣ್ಣ ಹೋದ ಮಾತ್ರಕ್ಕೆ ರೋಗಾಣು ಹೋಗುತ್ತವೆಯೇ? ಹೋದ ಮಳೆಗಾಲದಲ್ಲಿ ನಮ್ಮ ಸಾಲಿನ ಮನೆಗಳಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ವಾಂತಿಭೇದಿ ಆಯಿತು. ನನ್ನ ಮಗನಿಗೆ ಸಲೈನ್ ಹಚ್ಚಿಸಬೇಕಾಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ‘ಯಾವ ನೀರು ಕುಡೀತೀರಿ?’ ಎಂದು.

ಇದು ಎಲ್ಲಿಂದ ಶುರುವಾಯಿತು ಅಂತ ನಮಗೆ ಗೊತ್ತಿದೆ, ಯಾಕೆಂದರೆ ಕೆಲಸ ನಡೆದದ್ದು ನಮ್ಮ ಕಣ್ಣೆದುರೇ. ಹೊಸ ಪೈಪ್ ಹಾಕಲು ನಿಮ್ಮವರು ರಸ್ತೆ ಅಗೆದರು. ಪೈಪಿನ ಕೆಳಗೆ ಒಂದು ಬುಟ್ಟಿ ಉಸುಕನ್ನೂ ಹಾಸಲಿಲ್ಲ. ತೆಗೆದ ಎರೆಮಣ್ಣನ್ನೇ ತಿರುಗಿ ಸುರಿದು, ಜೆಸಿಬಿಯಿಂದ ಎರಡು ಸಲ ಒತ್ತಿ ಹೋದರು. ಎರೆಮಣ್ಣಿನ ಗುಣ ಈ ಜಿಲ್ಲೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ನಡುವೆ ಸಿಕ್ಕ ಪೈಪಿನ ಜಾಯಿಂಟು ಸುಮ್ನೆ ಇರುತ್ತದೆಯೇ? ಮೊದಲ ಮಳೆಗೇ ರಸ್ತೆ ಕುಸಿದು ಉದ್ದಕ್ಕೂ ತಗ್ಗು ಬಿತ್ತು. ಅದರ ಮೇಲೆ ಟಂಟಂ, ಉಸುಕಿನ ಟ್ರ್ಯಾಕ್ಟರು ಓಡಾಡಿದವು. ಜಾಯಿಂಟು ಬಿಟ್ಟಿತು. ದೂರು ಕೊಟ್ಟ ಮೇಲೆ ಬಂದ ಹುಡುಗರು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ಮೇಲೆ ಅದೇ ಮಣ್ಣು ಎಳೆದು ಹೋದರು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ನೀವು ಕೊಟ್ಟು ಕಳಿಸಿದ್ದೇ ಅಷ್ಟು.

ಇದಕ್ಕಿಂತ ಕೆಟ್ಟದ್ದು ಮನೆ ಕನೆಕ್ಷನ್ನುಗಳ ಕಥೆ. ಓಣಿಯ ಎಡಗಡೆ ಸಾಲಿನ ಎಲ್ಲ ಕನೆಕ್ಷನ್ ಪೈಪುಗಳೂ ಗಟಾರದೊಳಗೇ ಹಾಯ್ದು ಹೋಗಿವೆ. ಕೆಲವು ತುಕ್ಕು ಹಿಡಿದು ತೂತು ಬಿದ್ದಿವೆ. ತಿರುವಿನಲ್ಲಿರುವ ವಾಲ್ವ್ ಗುಂಡಿಗೆ ಮುಚ್ಚಳವೇ ಇಲ್ಲ, ಗಟಾರ ತುಂಬಿದರೆ ಅದೂ ತುಂಬುತ್ತದೆ. ನೀರು ಬಿಟ್ಟಾಗ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಎಲ್ಲರಿಗೂ ಕಾಣುತ್ತದೆ. ನೀರು ನಿಂತ ಮೇಲೆ ಪೈಪ್ ಖಾಲಿಯಾಗುತ್ತದೆ, ಆಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ಇದು ಯಾರಿಗೂ ಕಾಣುವುದಿಲ್ಲ. ಒತ್ತಡ ಸಾಲದೆ ಜನ ನಳಕ್ಕೇ ಮೋಟಾರ್ ಹಚ್ಚುತ್ತಾರೆ. ಅದು ತಪ್ಪು, ನಾವೂ ಓಣಿಯಲ್ಲಿ ಹೇಳುತ್ತಿದ್ದೇವೆ. ಮೋಟಾರ್ ಎಳೆದಾಗ ಹೊಲಸು ಇನ್ನೂ ಜಾಸ್ತಿ ಒಳಗೆ ಬರುತ್ತದೆ. ಆದರೆ ತೂತೇ ಇಲ್ಲದಿದ್ದರೆ ಮೋಟಾರ್ ಎಳೆಯುವುದಾದರೂ ಏನನ್ನು?

‘ಕ್ಲೋರಿನ್ ಜಾಸ್ತಿ ಹಾಕಿದ್ದೇವೆ’ ಅಂತ ನಿಮ್ಮ ಎಂಜಿನಿಯರು ಹೇಳಿದರು. ಅದನ್ನೂ ನೋಡೇಬಿಡೋಣ ಎಂದು ಕ್ಲೋರಿನ್ ಪರೀಕ್ಷೆಯ ಕಿಟ್ ತಂದೆವು. ಮೇಲ್ಮಟ್ಟದ ಟ್ಯಾಂಕಿನ ಪಕ್ಕದ ನಳದ ನೀರಿಗೆ ಹನಿ ಬಿಟ್ಟರೆ ಹಳದಿ ಆಯಿತು. ನಮ್ಮ ಓಣಿಯ ಕೊನೆಯ ನಳದ ನೀರು ಬಣ್ಣವನ್ನೇ ತಿರುಗಲಿಲ್ಲ. ಅಂದರೆ ಟ್ಯಾಂಕಿನಿಂದ ಹೊರಟ ಕ್ಲೋರಿನ್ ದಾರಿಯಲ್ಲೇ ಖರ್ಚಾಗಿದೆ. ಅದೇ ನೀರನ್ನು ಎಚ್‌ಟುಎಸ್ ಬಾಟಲಿಗೆ, ಅಂದರೆ ಹೊಲಸಿನ ರೋಗಾಣು ಇದ್ದರೆ ನೀರು ಕಪ್ಪಾಗುವ ಪರೀಕ್ಷಾ ಬಾಟಲಿಗೆ, ತುಂಬಿ ಇಟ್ಟೆವು. ಮರುದಿನಕ್ಕೆ ಕಪ್ಪಾಯಿತು. ಇದು ಲ್ಯಾಬ್ ವರದಿ ಅಲ್ಲ, ನನಗೂ ಗೊತ್ತು. ಆದರೆ ಲ್ಯಾಬಿಗೆ ಕಳಿಸಲು ಇಷ್ಟು ಕಾರಣ ಸಾಲದೇ? ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದೂ ಸಿಗಬಾರದು. ನೀವು ಸ್ಯಾಂಪಲ್ ತೆಗೆಯುವುದು ಟ್ಯಾಂಕಿನ ಬುಡದಲ್ಲಿ. ಕುಡಿಯುವವರು ಇರುವುದು ಪೈಪಿನ ಕೊನೆಯಲ್ಲಿ.

ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ಇದೇ ಊರಿಗೆ ಬೇಗಂ ತಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದರು. ಆ ಕೊಳವೆಗಳ ಸುತ್ತ ಗಾರೆ ಕಟ್ಟಿದ್ದರು. ನಡುನಡುವೆ ಗಂಜ್ ಎಂಬ ನೀರಿನ ಗೋಪುರ ಕಟ್ಟಿದರು. ನೀರಿನ ಒತ್ತಡ ಅಲ್ಲಿ ಇಳಿಯಲಿ, ಕೆಸರು ಅಲ್ಲೇ ತಳ ಸೇರಲಿ ಎಂದು. ಆ ಗೋಪುರಗಳಲ್ಲಿ ಕೆಲವು ಇವತ್ತಿಗೂ ನಿಂತಿವೆ. ನಿಮ್ಮ ಲೈನಿನಲ್ಲೂ ಕೆಸರು ಹೊರಹಾಕಲು ವಾಷ್‌ಔಟ್ ವಾಲ್ವ್ ಇದೆ. ಅದನ್ನು ತೆರೆದದ್ದನ್ನು ಓಣಿಯಲ್ಲಿ ಒಬ್ಬರೂ ನೋಡಿಲ್ಲ.

ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿ, ಶುದ್ಧ ಮಾಡಿ, ಇಷ್ಟು ದೂರ ತಂದ ನೀರು ಕೊನೆಯ ಓಣಿಯಲ್ಲಿ ಕೆಡುತ್ತಿದೆ. ಆ ಖರ್ಚೆಲ್ಲ ಗಟಾರದ ಪಾಲಾಗುತ್ತಿದೆ, ಅಲ್ವಾ? ನಾವಂತೂ ನೀರಿನ ಬಿಲ್ಲನ್ನೂ ಕಟ್ಟುತ್ತೇವೆ, ಕುಡಿಯಲು ಕ್ಯಾನಿಗೂ ದುಡ್ಡು ಕೊಡುತ್ತೇವೆ. ಕ್ಯಾನ್ ಕೊಳ್ಳಲಾಗದ ಮನೆಗಳು ಇದನ್ನೇ ಸೋಸಿ ಕುಡಿಯುತ್ತಿವೆ.

ಆದ್ದರಿಂದ ಮೊದಲು ಆಗಬೇಕಾದ ಕೆಲಸ, ಕನೆಕ್ಷನ್ ಪೈಪುಗಳನ್ನು ಗಟಾರದಿಂದ ಹೊರಗೆ ತೆಗೆದು ಅದಕ್ಕಿಂತ ಮೇಲಿನ ಮಟ್ಟದಲ್ಲಿ ಹಾಕುವುದು. ಟ್ಯೂಬ್ ಸುತ್ತಿದ ಜಾಯಿಂಟ್ ಬದಲಿಸಿ. ಈ ಸಲ ಉಸುಕು ಹಾಸಿ, ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ, ಆಮೇಲೆ ರಸ್ತೆ ಮುಚ್ಚಿ. ವಾಲ್ವ್ ಗುಂಡಿ ಎತ್ತರಿಸಿ ಮುಚ್ಚಳ ಹಾಕಿ. ಇದೆಲ್ಲ ಮುಗಿದ ಮೇಲೆ ಲೈನನ್ನು ಕ್ಲೋರಿನ್ ಹಾಕಿ ತೊಳೆದು, ಓಣಿಯ ಕೊನೆಯ ನಳದ ಸ್ಯಾಂಪಲ್ಲನ್ನು ನಮ್ಮ ಎದುರಿಗೇ ತೆಗೆದು ಲ್ಯಾಬಿಗೆ ಕಳಿಸಿ. ವರದಿ ನಮ್ಮ ಕೈಗೂ ಬರಲಿ. ಅಲ್ಲಿಯವರೆಗೆ ನೀರು ಬಿಡುವ ದಿನ ಕುಡಿಯಲು ಒಂದು ಟ್ಯಾಂಕರ್ ಕಳಿಸಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ ಹಳೆಯ ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ, ಬಿಲ್ಲುಗಳನ್ನು ಹಿಡಿದುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಫೋಟೋಗಳು, ಹಿಂದಿನ ದೂರುಗಳ ನಕಲು ಮತ್ತು ಓಣಿಯವರ ಸಹಿ ಜೊತೆಗಿವೆ. ಸ್ಥಳ ನೋಡಲು ಬರುವುದಾದರೆ ನೀರು ಬಿಡುವ ದಿನವೇ, ನಳ ಬರುವ ಮೊದಲೇ ಬನ್ನಿ.

ಇಂತಿ,
ಓಣಿಯ ನಿವಾಸಿಗಳ ಪರವಾಗಿ,
ಒಬ್ಬ ಗ್ರಾಹಕ